ಐಐಟಿಗೆ ಹೊರಟ ಕನ್ನಡದ ಮಕ್ಕಳಿಗೆ: ಅರ್ಜಿಯಿಂದ ಮೊದಲ ವರ್ಷದವರೆಗೆ

ಮಗ ಅಥವಾ ಮಗಳು ಪಿಯುಸಿ ಸೈನ್ಸ್ ಸೇರಿದ ಮನೆಯಲ್ಲಿ ಐಐಟಿ ಅಂದ ಕೂಡಲೇ ಮಾತು ಕೋಚಿಂಗ್ ಕಡೆಗೆ ಹೊರಳುತ್ತದೆ. ಎಲ್ಲಿ ಸೇರಿಸೋದು, ಫೀ ಎಷ್ಟು, ದಿನಕ್ಕೆ ಎಷ್ಟು ಗಂಟೆ ಓದಿಸೋದು. ಓದು ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ರ‍್ಯಾಂಕ್ ಬಂದ ಮೇಲೂ ಸರ್ಟಿಫಿಕೇಟ್ ಸರಿಯಿಲ್ಲದೆ ಪರದಾಡುವ ಮಕ್ಕಳಿದ್ದಾರೆ. ಸೀಟು ಸಿಕ್ಕಿ ಒಳಗೆ ಹೋದ ಮೇಲೆ ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಮೊದಲ ಸೆಮಿಸ್ಟರಿನಲ್ಲೇ ಕುಗ್ಗಿಹೋಗುವವರೂ ಇದ್ದಾರೆ. ಮನೆಯಲ್ಲಿ ಎಂಜಿನಿಯರುಗಳಿದ್ದರೆ ಇಂಥ ಸಂಗತಿಗಳು ಊಟದ ಹೊತ್ತಿನ ಮಾತಿನಲ್ಲೇ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಮೊದಲ ಸಲ ಈ ದಾರಿ ಹಿಡಿದವರಿಗೆ ಯಾರಾದರೂ ಕೂತು ಬಿಡಿಸಿ ಹೇಳಬೇಕು. ಈ ಬರಹ ಅಂಥವರಿಗಾಗಿ.

ಒಂದು ಎಚ್ಚರಿಕೆ ಮೊದಲೇ. ಇಲ್ಲಿರುವುದು ಈಚಿನ ವರ್ಷಗಳಲ್ಲಿ ನಡೆದುಬಂದ ನಿಯಮ. ನೀವು ಬರೆಯುವ ವರ್ಷದ ಮಾಹಿತಿ ಪುಸ್ತಿಕೆ ಅಧಿಕೃತ ಜಾಲತಾಣದಲ್ಲಿ ಬಂದ ದಿನವೇ ಇಳಿಸಿಕೊಂಡು ಪೂರ್ತಿ ಓದಿ. ಯೂಟ್ಯೂಬ್ ವಿಡಿಯೊ ನೋಡಿ ಅರ್ಜಿ ತುಂಬಬೇಡಿ.

ಹಂತ 1: ಎರಡು ಪರೀಕ್ಷೆ, ಎರಡು ಅರ್ಜಿ

ಐಐಟಿಯ ಬಿ.ಟೆಕ್ ಸೀಟಿಗೆ ಜೆಇಇ ಮೇನ್ ಮತ್ತು ಜೆಇಇ ಅಡ್ವಾನ್ಸ್ಡ್ ಎರಡನ್ನೂ ದಾಟಬೇಕು. ಮೇನ್ ಪರೀಕ್ಷೆಯನ್ನು ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಏಜೆನ್ಸಿ) ನಡೆಸುತ್ತದೆ. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಎರಡೂ ಸಲ ಬರೆದರೆ ಹೆಚ್ಚು ಬಂದ ಸ್ಕೋರನ್ನೇ ರ‍್ಯಾಂಕಿಗೆ ಹಿಡಿಯುತ್ತಾರೆ, ಹಾಗಾಗಿ ಜನವರಿಯದನ್ನು ತಪ್ಪಿಸಬೇಡಿ. ಸಿದ್ಧತೆ ಮುಗಿದಿಲ್ಲ ಅನಿಸಿದರೂ ಬರೆಯಿರಿ. ಪರೀಕ್ಷಾ ಕೇಂದ್ರದ ಕಂಪ್ಯೂಟರ್ ಮುಂದೆ ಮೂರು ಗಂಟೆ ಕೂತ ಅನುಭವ ಯಾವ ಮಾಕ್ ಟೆಸ್ಟಿನಲ್ಲೂ ಸಿಗುವುದಿಲ್ಲ.

ಮೇನ್‌ನಲ್ಲಿ ಮೊದಲ 2,50,000 ಸ್ಥಾನಗಳಲ್ಲಿ ಬಂದವರು, ಅಂದರೆ ಎಲ್ಲ ವರ್ಗಗಳ ಪಾಲೂ ಸೇರಿ ಅಷ್ಟು ಮಂದಿ, ಅಡ್ವಾನ್ಸ್ಡ್ ಬರೆಯಬಹುದು. ಇಲ್ಲಿ ಹಲವರು ಎಡವುತ್ತಾರೆ: ಅರ್ಹತೆ ಸಿಕ್ಕಿತು ಅಂದರೆ ಹೆಸರು ತಾನಾಗಿ ನೋಂದಣಿ ಆಯಿತು ಅಂತಲ್ಲ. ಅಡ್ವಾನ್ಸ್ಡ್‌ಗೆ ಬೇರೆಯದೇ ಅರ್ಜಿ, ಬೇರೆಯದೇ ಫೀ. ನೋಂದಣಿ ಕಿಟಕಿ ತೆರೆದಿರುವುದು ಕೆಲವೇ ದಿನ. ಆ ಪರೀಕ್ಷೆಯನ್ನು ಪ್ರತಿ ವರ್ಷ ಒಂದೊಂದು ಐಐಟಿ ಸರದಿಯಂತೆ ನಡೆಸುತ್ತದೆ. ಒಂದೇ ದಿನ ಮೂರು ಮೂರು ಗಂಟೆಯ ಎರಡು ಪೇಪರ್, ಎರಡನ್ನೂ ಬರೆಯಲೇಬೇಕು.

ಅಡ್ವಾನ್ಸ್ಡ್‌ಗೆ ಸಿಗುವುದು ಎರಡೇ ಅವಕಾಶ, ಅದೂ ಬೆನ್ನಿಗೆ ಬೆನ್ನಿಗೆ ಬರುವ ಎರಡು ವರ್ಷಗಳಲ್ಲಿ. ಪಿಯುಸಿ ಮುಗಿಸಿದ ವರ್ಷ ಒಂದು, ಮರುವರ್ಷ ಇನ್ನೊಂದು. ‘ಎರಡು ವರ್ಷ ಲಾಂಗ್ ಟರ್ಮ್ ಹಾಕಿಸೋಣ’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪಿಯುಸಿ ಅಂಕವನ್ನೂ ಮರೆಯಬೇಡಿ. ಐಐಟಿ ಪ್ರವೇಶಕ್ಕೆ ಹನ್ನೆರಡನೇ ತರಗತಿಯಲ್ಲಿ ಶೇ. 75, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ. 65 ಬೇಕು. ಅದಿಲ್ಲದಿದ್ದರೆ ನಿಮ್ಮ ಬೋರ್ಡಿನ ನಿಮ್ಮ ವರ್ಗದ ಮೇಲಿನ 20 ಪರ್ಸೆಂಟೈಲ್ ಒಳಗಿರಬೇಕು, ಅಂದರೆ ಪಾಸಾದ ನೂರು ಮಂದಿಯಲ್ಲಿ ಮೇಲಿನ ಇಪ್ಪತ್ತರೊಳಗೆ. ಈ ಲೆಕ್ಕಕ್ಕೆ ಹಿಡಿಯುವುದು ಐದು ವಿಷಯ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದು ಭಾಷೆ, ಉಳಿದವುಗಳಲ್ಲಿ ಇನ್ನೊಂದು. ಕೋಚಿಂಗ್ ಭರದಲ್ಲಿ ಇಂಗ್ಲಿಷ್, ಕನ್ನಡ ಪೇಪರುಗಳನ್ನು ಕಡೆಗಣಿಸುವ ಮಕ್ಕಳು ಇದನ್ನು ಗಮನಿಸಬೇಕು.

ಹಂತ 2: ಭಾಷೆಯ ತೀರ್ಮಾನ ಈಗಲೇ ಆಗಲಿ

ಜೆಇಇ ಮೇನ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿ ಸೇರಿದೆ. ಕರ್ನಾಟಕದ ಕೇಂದ್ರಗಳಲ್ಲಿ ಬರೆಯುವವರು ಕನ್ನಡ ಆರಿಸಿಕೊಂಡರೆ ಪ್ರಶ್ನೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕಾಣುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ರೂಪವೇ ಅಂತಿಮ. ಆದರೆ ಅಡ್ವಾನ್ಸ್ಡ್ ನಡೆಯುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಹಿಂದಿಯ ಮಗುವಿಗೆ ಸಿಗುವ ಅನುಕೂಲ ಕನ್ನಡದ, ತಮಿಳಿನ, ಒಡಿಯಾದ ಮಗುವಿಗೂ ಸಿಗಬೇಕು. ಅದು ಬದಲಾಗುವ ತನಕ ನಮ್ಮ ಮಕ್ಕಳು ಇರುವ ನಿಯಮಕ್ಕೇ ಸಿದ್ಧರಾಗಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನನ್ನ ಸಲಹೆ ಇದು. ಮೊದಲ ಪಿಯುಸಿಯ ಮೊದಲ ಮೂರು ನಾಲ್ಕು ತಿಂಗಳು ಪರಿಕಲ್ಪನೆಯನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಮೇಷ್ಟ್ರನ್ನು ಕನ್ನಡದಲ್ಲೇ ಕೇಳಿ, ಅದರಲ್ಲಿ ನಾಚಿಕೆ ಬೇಡ. ಆದರೆ ಲೆಕ್ಕ ಬಿಡಿಸುವಾಗ ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಓದಿ. ಎನ್‌ಸಿಇಆರ್‌ಟಿ ಪುಸ್ತಕದ ಒಂದು ಪುಟವನ್ನು ದಿನಾ ಗಟ್ಟಿಯಾಗಿ ಓದಿ, ಪ್ರತಿ ಪ್ಯಾರಾದ ಸಾರವನ್ನು ಇಂಗ್ಲಿಷಿನಲ್ಲೇ ಒಂದು ವಾಕ್ಯದಲ್ಲಿ ಬರೆಯಿರಿ. ವ್ಯಾಕರಣ ತಪ್ಪಿದರೂ ಪರವಾಗಿಲ್ಲ. ಜೆಇಇ ಪ್ರಶ್ನೆಗಳ ಇಂಗ್ಲಿಷ್ ಕಷ್ಟದ್ದಲ್ಲ, ಸುಮಾರು ನೂರಿನ್ನೂರು ಪದಗಳು ಮತ್ತೆ ಮತ್ತೆ ತಿರುಗುತ್ತವೆ. ಎಡವಿಸುವುದು ಸಣ್ಣ ಪದಗಳು: ‘ಕನಿಷ್ಠ’, ‘ಮಾತ್ರ’, ‘ಸತತ’, ‘ಅನುಕ್ರಮವಾಗಿ’ ಎಂಬರ್ಥದವು. ಇವನ್ನು ಓದುವಾಗಲೇ ಅಡಿಗೆರೆ ಎಳೆಯುವ ರೂಢಿ ಮಾಡಿಕೊಳ್ಳಿ. ಎರಡನೇ ಪಿಯುಸಿ ಹೊತ್ತಿಗೆ ಭಾಷೆ ಅಡ್ಡಬರುವುದು ನಿಲ್ಲುತ್ತದೆ.

ಹಂತ 3: ಓದು

ಕರ್ನಾಟಕದ ಪಿಯುಸಿ ವಿಜ್ಞಾನ ಪಠ್ಯಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಆಧಾರ, ಜೆಇಇಗೂ ಬುಡ ಅದೇ. ಕೋಚಿಂಗ್ ಇಲ್ಲದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಐಐಟಿ ಕಾನ್ಪುರದ ಜತೆ ಸೇರಿ 2023ರಲ್ಲಿ ಶುರು ಮಾಡಿದ ‘ಸಾಥಿ’ ಜಾಲತಾಣವಿದೆ. ಪಾಠ, ಅಭ್ಯಾಸ ಪ್ರಶ್ನೆ ಎಲ್ಲ ಪುಕ್ಕಟೆ. ಅಡ್ವಾನ್ಸ್ಡ್‌ನ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳೂ ಅದರ ಅಧಿಕೃತ ಜಾಲತಾಣದಲ್ಲೇ ಸಿಗುತ್ತವೆ. ದುಡ್ಡು ಕೊಟ್ಟು ಹತ್ತು ಕಟ್ಟು ಪುಸ್ತಕ ತರುವ ಮೊದಲು ಆ ಪತ್ರಿಕೆಗಳನ್ನು ಮುಗಿಸಿ.

ಟೆಸ್ಟ್ ಬರೆದಷ್ಟೇ ಸಮಯವನ್ನು ಅದನ್ನು ಬಗೆದು ನೋಡುವುದಕ್ಕೂ ಕೊಡಬೇಕು, ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ತಪ್ಪುಗಳಿಗೇ ಒಂದು ನೋಟ್‌ಬುಕ್ ಇಡಿ. ‘ಸಿಲ್ಲಿ ಮಿಸ್ಟೇಕ್’ ಎಂದು ಬರೆದು ಮುಂದೆ ಹೋಗಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಹೇಗೆ ಬರೆಯಬೇಕೆಂಬುದಕ್ಕೆ ಒಂದು ನಮೂನೆ: ‘ಇಳಿಜಾರಿನ ಮೇಲೆ ಉರುಳುವ ಸಿಲಿಂಡರ್. ಘರ್ಷಣೆ ಬಲ ಅದರ ಗರಿಷ್ಠ ಮಿತಿಗೆ ಸಮ ಎಂದು ನೇರವಾಗಿ ಬರೆದೆ. ಜಾರದೆ ಉರುಳುವಾಗ ಘರ್ಷಣೆ ಆ ಮಿತಿಯನ್ನು ಮುಟ್ಟಿರಬೇಕೆಂದಿಲ್ಲ, ಬೇಕಾದಷ್ಟೇ ಇರುತ್ತದೆ. ಮೊದಲು ಅದನ್ನು ಅಜ್ಞಾತವಾಗಿಟ್ಟು, ಬಲದ ಸಮೀಕರಣ ಮತ್ತು ಟಾರ್ಕ್ ಸಮೀಕರಣ ಎರಡನ್ನೂ ಬಿಡಿಸಿ, ಆಮೇಲೆ ಮಿತಿಯೊಳಗಿದೆಯೇ ನೋಡಬೇಕು.’ ಹೀಗೆ ಬರೆದಿಟ್ಟ ತಪ್ಪು ಮತ್ತೆ ಆಗುವುದು ಅಪರೂಪ. ಪರೀಕ್ಷೆಯ ಹಿಂದಿನ ವಾರ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ನಿಮಗೆ ಎಲ್ಲೂ ಸಿಗದು.

ಅಡ್ವಾನ್ಸ್ಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರುವ ಪ್ರಶ್ನೆಗಳಿರುತ್ತವೆ. ಸರಿಯಾದವುಗಳಲ್ಲಿ ಕೆಲವನ್ನಷ್ಟೇ ಗುರುತಿಸಿದರೂ ಭಾಗಶಃ ಅಂಕ ಸಿಗುತ್ತದೆ, ಅದರ ಜತೆ ತಪ್ಪೊಂದು ಸೇರಿಕೊಂಡರೆ ಅಂಕ ಕಳೆಯುತ್ತದೆ. ಪತ್ರಿಕೆಯ ಸ್ವರೂಪವೂ ಅಂಕ ಕೊಡುವ ಕ್ರಮವೂ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಸೂಚನೆ ಓದಲು ಮೊದಲ ಐದು ನಿಮಿಷ ಮೀಸಲಿಡಿ.

ಹಂತ 4: ಕಾಗದಪತ್ರ

ಈ ಭಾಗವನ್ನು ಅಪ್ಪ-ಅಮ್ಮ ಓದಬೇಕು. ಮಕ್ಕಳು ಓದಿಕೊಳ್ಳಲಿ, ಕಚೇರಿ ಅಲೆಯುವ ಕೆಲಸ ನಿಮ್ಮದಾಗಲಿ.

ಮೊದಲು ಹೆಸರು. ನಮ್ಮಲ್ಲಿ ಇನಿಷಿಯಲ್ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಜಾತಿ ಪ್ರಮಾಣಪತ್ರದಲ್ಲಿ ಅದನ್ನೇ ಬಿಡಿಸಿ ಊರು ಮತ್ತು ತಂದೆಯ ಹೆಸರಾಗಿ ಬರೆದಿರುತ್ತಾರೆ. ಮೊದಲ ಪಿಯುಸಿ ರಜೆಯಲ್ಲೇ ಮೂರನ್ನೂ ಮೇಜಿನ ಮೇಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಜನ್ಮದಿನಾಂಕವನ್ನೂ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ.

ಎರಡನೆಯದು ಮೀಸಲಾತಿ ಪ್ರಮಾಣಪತ್ರ. ಕೆಸಿಇಟಿಗೆ ಬಳಸುವ ಆರ್‌ಡಿ ನಂಬರಿನ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪತ್ರ ಇಲ್ಲಿ ನಡೆಯುವುದಿಲ್ಲ. ಐಐಟಿ, ಎನ್‌ಐಟಿಗಳು ಕೇಂದ್ರದ ಸಂಸ್ಥೆಗಳು. ಅವಕ್ಕೆ ಬೇಕಾದದ್ದು ಕೇಂದ್ರದ ನಮೂನೆಯ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಪತ್ರ. ರಾಜ್ಯದ ಪಟ್ಟಿಯಲ್ಲಿರುವ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ನಿಮ್ಮ ಜಾತಿಯ ಹೆಸರು ಅಲ್ಲಿ ಇದೆಯೇ, ಯಾವ ಹೆಸರಿನಲ್ಲಿದೆ ಎಂಬುದನ್ನು ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ. ಇನ್ನೊಂದು ಷರತ್ತು ದಿನಾಂಕದ್ದು: ಒಬಿಸಿ-ಎನ್‌ಸಿಎಲ್ ಮತ್ತು ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪತ್ರಗಳು ಪ್ರವೇಶದ ವರ್ಷದ ಏಪ್ರಿಲ್ 1ರಂದು ಅಥವಾ ಆಮೇಲೆ ಕೊಟ್ಟವಾಗಿರಬೇಕು. ಜನವರಿಯಲ್ಲಿ ಮುಂಜಾಗ್ರತೆಯಿಂದ ಮಾಡಿಸಿಟ್ಟ ಪತ್ರ ಜೂನ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ಏಪ್ರಿಲ್ ಮೊದಲ ವಾರವೇ ನಾಡಕಚೇರಿಗೆ ಅರ್ಜಿ ಹಾಕಿ, ನಮೂನೆಯ ಪ್ರಿಂಟನ್ನು ಜತೆಗೆ ಒಯ್ಯಿರಿ. ಕೊಟ್ಟ ಪತ್ರವನ್ನು ಅಲ್ಲೇ ನಿಂತು ಓದಿ, ಕೇಂದ್ರದ ನಮೂನೆಯೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಿ. ಎಸ್‌ಸಿ, ಎಸ್‌ಟಿ ಪತ್ರಕ್ಕೆ ಈ ದಿನಾಂಕದ ಷರತ್ತಿಲ್ಲ, ನಮೂನೆ ಮಾತ್ರ ಕೇಂದ್ರದ್ದೇ ಇರಲಿ.

ಮೂರನೆಯದು ಆದಾಯ ಪ್ರಮಾಣಪತ್ರ. ಫೀ ವಿನಾಯಿತಿಗೆ, ಸಾಲಕ್ಕೆ ಬೇಕೇ ಬೇಕು.

ಹಂತ 5: ಜೋಸಾ ಕೌನ್ಸೆಲಿಂಗ್

ಅಡ್ವಾನ್ಸ್ಡ್ ಫಲಿತಾಂಶದ ಬೆನ್ನಲ್ಲೇ, ಜೂನ್‌ನಲ್ಲಿ, ಸೀಟು ಹಂಚುವ ಜಂಟಿ ವ್ಯವಸ್ಥೆಯಾದ ಜೋಸಾ ಶುರುವಾಗುತ್ತದೆ. 23 ಐಐಟಿ, 31 ಎನ್‌ಐಟಿ, 26 ಐಐಐಟಿ, ಕೇಂದ್ರದ ನೆರವಿನ ಇನ್ನಷ್ಟು ಸಂಸ್ಥೆಗಳ ಸೀಟುಗಳೆಲ್ಲ ಒಂದೇ ಜಾಲತಾಣದಲ್ಲಿ ಹಂಚಿಕೆಯಾಗುತ್ತವೆ. ನಮ್ಮ ರಾಜ್ಯದ ಐಐಟಿ ಧಾರವಾಡ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡ ಮತ್ತು ರಾಯಚೂರಿನ ಐಐಐಟಿಗಳು ಇದರಲ್ಲೇ ಬರುತ್ತವೆ. ಬೆಂಗಳೂರಿನ ಐಐಎಸ್‌ಸಿ 2022ರಲ್ಲಿ ಶುರು ಮಾಡಿದ ಗಣಿತ ಮತ್ತು ಕಂಪ್ಯೂಟಿಂಗ್ ಬಿ.ಟೆಕ್‌ಗೂ ಅಡ್ವಾನ್ಸ್ಡ್ ರ‍್ಯಾಂಕೇ ಆಧಾರ, ಆದರೆ ಅದಕ್ಕೆ ಐಐಎಸ್‌ಸಿಯಲ್ಲೇ ಪ್ರತ್ಯೇಕ ಅರ್ಜಿ ಹಾಕಬೇಕು.

ಐಐಟಿಗಳಲ್ಲಿ ರಾಜ್ಯದ ಕೋಟಾ ಇಲ್ಲ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆ ರಾಜ್ಯದವರಿಗೆ. ಆದರೆ ‘ಆ ರಾಜ್ಯದವರು’ ಎಂದು ನಿರ್ಧರಿಸುವುದು ಹುಟ್ಟಿದ ಊರಿನಿಂದಲ್ಲ, ಹನ್ನೆರಡನೇ ತರಗತಿ ಪಾಸು ಮಾಡಿದ ರಾಜ್ಯದಿಂದ. ಬಳ್ಳಾರಿಯ ಹುಡುಗ ಹೈದರಾಬಾದಿನಲ್ಲೋ ರಾಜಸ್ಥಾನದ ಕೋಟಾ ಊರಿನಲ್ಲೋ ಹನ್ನೆರಡನೇ ತರಗತಿ ಮುಗಿಸಿದರೆ ಸುರತ್ಕಲ್‌ನ ರಾಜ್ಯ ಕೋಟಾ ಅವನಿಗಿಲ್ಲ. ಮಗುವನ್ನು ಹೊರರಾಜ್ಯದ ಕೋಚಿಂಗಿಗೆ ಸೇರಿಸುವ ಮೊದಲೇ ಇದು ಗೊತ್ತಿರಬೇಕು, ಸೇರಿಸುವಾಗ ಯಾರೂ ಹೇಳುವುದಿಲ್ಲ.

ಆಯ್ಕೆಗಳ ಪಟ್ಟಿಗೆ ಮಿತಿಯಿಲ್ಲ. ಹಿಂದಿನ ವರ್ಷಗಳ ಆರಂಭದ ಮತ್ತು ಕೊನೆಯ ರ‍್ಯಾಂಕುಗಳು ಜೋಸಾ ಜಾಲತಾಣದಲ್ಲೇ ಇರುತ್ತವೆ. ಅದನ್ನು ನೋಡುವಾಗ ನಿಮ್ಮ ವರ್ಗ, ಕೋಟಾ, ಹುಡುಗಿಯರ ಪ್ರತ್ಯೇಕ ಸಾಲು ಮೂರನ್ನೂ ಸರಿಯಾಗಿ ಆರಿಸಿಕೊಳ್ಳಿ. 2018ರಿಂದ ಐಐಟಿಗಳಲ್ಲಿ ಹುಡುಗಿಯರಿಗೆ ಹೆಚ್ಚುವರಿ ಸೀಟುಗಳಿವೆ, 2020ರ ಹೊತ್ತಿಗೆ ಪ್ರಮಾಣ ಶೇ. 20ಕ್ಕೆ ಮುಟ್ಟಿದೆ. ಆ ಸಾಲಿನ ಕೊನೆಯ ರ‍್ಯಾಂಕ್ ಸಾಮಾನ್ಯವಾಗಿ ಇನ್ನೊಂದು ಸಾಲಿನದಕ್ಕಿಂತ ಹಿಂದಿನದು, ಅಂದರೆ ಸಂಖ್ಯೆ ದೊಡ್ಡದು. ಎಷ್ಟೋ ತಂದೆತಾಯಿ ಸಾಮಾನ್ಯ ಸಾಲನ್ನೇ ನೋಡಿ ‘ನಮಗೆ ಸಿಗೋದಲ್ಲ ಬಿಡಿ’ ಎಂದು ಕೈಚೆಲ್ಲುತ್ತಾರೆ. ಹಾಗೆ ಮಾಡಬೇಡಿ. ಬಯಸುವುದನ್ನು ಬಯಸಿದ ಕ್ರಮದಲ್ಲೇ ಮೇಲಿನಿಂದ ಕೆಳಗೆ ಬರೆಯಿರಿ. ಸಿಗದ ಆಯ್ಕೆಯನ್ನು ಮೇಲಿಟ್ಟರೆ ನಷ್ಟವೇನೂ ಇಲ್ಲ.

ಸೀಟು ಬಂದ ಮೇಲೆ ಫ್ರೀಜ್, ಫ್ಲೋಟ್, ಸ್ಲೈಡ್ ಎಂಬ ಮೂರು ದಾರಿ. ಮೊದಲ ಸುತ್ತಿನಲ್ಲಿ ಐಐಟಿ ಧಾರವಾಡದಲ್ಲಿ ಮೆಕ್ಯಾನಿಕಲ್ ಬಂತೆನ್ನಿ. ನಿಮ್ಮ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಐಐಟಿ ಹೈದರಾಬಾದಿನ ಎಲೆಕ್ಟ್ರಿಕಲ್ ಮತ್ತು ಧಾರವಾಡದ್ದೇ ಎಲೆಕ್ಟ್ರಿಕಲ್ ಇವೆ. ಇದೇ ಸಾಕು ಅನಿಸಿದರೆ ಫ್ರೀಜ್. ಇದು ಕೈಯಲ್ಲಿರಲಿ, ಮೇಲಿನದು ಯಾವುದು ಸಿಕ್ಕಿದರೂ ಹೋಗುತ್ತೇನೆ ಎಂದಾದರೆ ಫ್ಲೋಟ್. ಧಾರವಾಡ ಬಿಡುವುದಿಲ್ಲ, ಅಲ್ಲೇ ಮೇಲಿನ ಬ್ರಾಂಚ್ ಸಿಕ್ಕಿದರೆ ಮಾತ್ರ ಬದಲಿಸುತ್ತೇನೆ ಎಂದಾದರೆ ಸ್ಲೈಡ್. ಒಂದು ಸಲ ಮೇಲಿನ ಸೀಟಿಗೆ ಹೋದಿರೋ ಹಳೆಯದು ತಾನಾಗಿ ಕೈಬಿಡುತ್ತದೆ, ಮತ್ತೆ ಕೇಳಿದರೆ ಸಿಗುವುದಿಲ್ಲ. ಆದ್ದರಿಂದ ಹೋಗಲು ಮನಸ್ಸಿಲ್ಲದ ಆಯ್ಕೆಯನ್ನು ಪಟ್ಟಿಯ ಮೇಲೆ ಇಡಲೇಬೇಡಿ.

ಸೀಟು ಒಪ್ಪಿಕೊಳ್ಳುವುದೆಂದರೆ ಮೂರು ಕೆಲಸ: ಆನ್‌ಲೈನ್‌ನಲ್ಲಿ ಒಪ್ಪಿಗೆ, ದಾಖಲೆ ಅಪ್‌ಲೋಡ್, ಫೀ. ದಾಖಲೆ ಪರಿಶೀಲಿಸುವವರು ಪ್ರಶ್ನೆ ಕೇಳಿದರೆ ಅದಕ್ಕೆ ಗಡುವಿನೊಳಗೆ ಉತ್ತರಿಸುವುದು ನಾಲ್ಕನೆಯದು. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಐಐಟಿ ಧನ್‌ಬಾದ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೀಟು ಬಂತು. ಕಟ್ಟಬೇಕಿದ್ದದ್ದು 17,500 ರೂಪಾಯಿ. ಸಾಲಸೋಲ ಮಾಡಿ ಹಣ ಹೊಂದಿಸುವಷ್ಟರಲ್ಲಿ ಸಂಜೆ 5 ಗಂಟೆಯ ಗಡುವು ಬಂದುಬಿಟ್ಟಿತು, ಜಾಲತಾಣ ಮುಚ್ಚಿತು, ಸೀಟು ಹೋಯಿತು. ಆ ಹುಡುಗ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಸೆಪ್ಟೆಂಬರ್ 30ರಂದು ಕೋರ್ಟು ತನಗೆ ವಿಶೇಷ ಅಧಿಕಾರ ಕೊಡುವ ಸಂವಿಧಾನದ 142ನೇ ವಿಧಿಯನ್ನು ಬಳಸಿ ಅವನಿಗೆ ಅದೇ ಸೀಟು ಕೊಡಿಸಿತು. ಎಲ್ಲರಿಗೂ ಆ ದಾರಿ ತೆರೆದಿರುವುದಿಲ್ಲ. ಮೇ ತಿಂಗಳಲ್ಲೇ ಈ ಹಣವನ್ನು ಬೇರೆ ತೆಗೆದಿಡಿ, ಆನ್‌ಲೈನ್ ಪಾವತಿಗೆ ಕಾರ್ಡಿನ ಮಿತಿ ಎಷ್ಟಿದೆ ನೋಡಿಕೊಳ್ಳಿ, ಸೀಟು ಬಂದ ದಿನವೇ ಕಟ್ಟಿ.

ಕಾಲೇಜು ದೊಡ್ಡದೋ ಬ್ರಾಂಚ್ ದೊಡ್ಡದೋ ಎಂಬ ವಾದ ಪ್ರತಿ ಜೂನ್‌ನಲ್ಲಿ ನಡೆಯುತ್ತದೆ. ನನ್ನ ಮಟ್ಟಿಗೆ, ನಾಲ್ಕು ವರ್ಷ ದಿನಾ ಬೆಳಗ್ಗೆ ಎದ್ದು ಓದಬೇಕಾದದ್ದು ಬ್ರಾಂಚ್. ಆ ಬ್ರಾಂಚಿನ ಎಂಟು ಸೆಮಿಸ್ಟರಿನ ವಿಷಯಗಳ ಪಟ್ಟಿಯನ್ನು ಸಂಸ್ಥೆಯ ಜಾಲತಾಣದಿಂದ ತೆಗೆದು ಮಗುವಿನ ಜತೆ ಕೂತು ಓದಿ. ಓದುವಾಗ ಮುಖದಲ್ಲಿ ಕುತೂಹಲ ಕಂಡರೆ ಆ ಬ್ರಾಂಚ್ ಪಟ್ಟಿಯಲ್ಲಿರಲಿ. ‘ಮೊದಲ ವರ್ಷ ಚೆನ್ನಾಗಿ ಓದಿ ಬ್ರಾಂಚ್ ಬದಲಿಸಿಕೊಂಡರಾಯಿತು’ ಎಂಬ ಭರವಸೆಯ ಮೇಲೆ ಮಾತ್ರ ಸೇರಬೇಡಿ. ಕೆಲವು ಐಐಟಿಗಳು ಆ ಸೌಲಭ್ಯವನ್ನೇ ನಿಲ್ಲಿಸಿವೆ. ಇರುವ ಕಡೆಯೂ ಬದಲಾವಣೆ ಸಿಗುವುದು ಬೆರಳೆಣಿಕೆಯ ಮಂದಿಗೆ, ಆ ಓಟಕ್ಕೆ ಬಿದ್ದ ಮಗುವಿನ ಮೊದಲ ವರ್ಷ ಇನ್ನೊಂದು ಜೆಇಇ ಆಗಿಬಿಡುತ್ತದೆ.

ಎಸ್‌ಸಿ, ಎಸ್‌ಟಿ, ಅಂಗವಿಕಲ ವರ್ಗದ ಸೀಟುಗಳು ತುಂಬದೆ ಉಳಿದರೆ ಅದೇ ವರ್ಗದ ವಿದ್ಯಾರ್ಥಿಗಳಿಗೆ ಒಂದು ವರ್ಷದ ಪ್ರಿಪರೇಟರಿ ಕೋರ್ಸ್ ಕೊಡುತ್ತಾರೆ. ಅದರಲ್ಲಿ ಪಾಸಾದರೆ ಮತ್ತೆ ಜೆಇಇ ಬರೆಯದೆ ಮರುವರ್ಷ ಬಿ.ಟೆಕ್ ಸೇರಬಹುದು. ಇದನ್ನು ಕೀಳೆಂದು ತಿಳಿಯಬೇಡಿ. ಗಣಿತ, ಭೌತಶಾಸ್ತ್ರವನ್ನು ಐಐಟಿಯ ಮೇಷ್ಟ್ರುಗಳಿಂದಲೇ ಒಂದು ವರ್ಷ ಮೊದಲು ಕಲಿಯುವ ಅವಕಾಶ ಅದು.

ಹಂತ 6: ದುಡ್ಡು

ಐಐಟಿ ಬಿ.ಟೆಕ್ ಬೋಧನಾ ಶುಲ್ಕ 2016ರಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿಗೆ ಏರಿತು. ಹಾಸ್ಟೆಲ್, ಮೆಸ್ ಬೇರೆ. ಆದರೆ ಎಸ್‌ಸಿ, ಎಸ್‌ಟಿ, ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮನ್ನಾ. ಉಳಿದವರಲ್ಲಿ ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಪೂರ್ತಿ ಮನ್ನಾ, 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡು ಭಾಗ ಮನ್ನಾ. ಉಳಿದದ್ದಕ್ಕೆ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದವರೆಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ಸಹಾಯಧನವೂ ಉಂಟು. ಫೀ ಹೆದರಿಕೆಯಿಂದ ಸೀಟು ಬಿಡುವ ಮೊದಲು ಆ ಐಐಟಿಯ ಅಕಡೆಮಿಕ್ ವಿಭಾಗಕ್ಕೆ ಒಂದು ಫೋನ್ ಮಾಡಿ.

ಹಂತ 7: ಮೊದಲ ಸೆಮಿಸ್ಟರ್

ಇಲ್ಲಿಂದ ಮುಂದಿನದು ಮಗುವಿಗೇ.

ನಿನ್ನ ಊರಿನಲ್ಲಿ, ಕಾಲೇಜಿನಲ್ಲಿ ನೀನೇ ಮೊದಲಿಗ. ಇಲ್ಲಿ ತರಗತಿಯಲ್ಲಿ ಕೂತವರೆಲ್ಲ ಅವರವರ ಊರಿನ ಮೊದಲಿಗರೇ. ಮೊದಲ ಕ್ವಿಜ್‌ನಲ್ಲಿ 20ಕ್ಕೆ 6 ಬರಬಹುದು. ಆಗ ಮೊದಲು ನೋಡಬೇಕಾದದ್ದು ತರಗತಿಯ ಸರಾಸರಿ. ಬಹಳಷ್ಟು ಕೋರ್ಸುಗಳಲ್ಲಿ ಗ್ರೇಡ್ ಕೊಡುವುದು ಇಡೀ ತರಗತಿ ಹೇಗೆ ಮಾಡಿದೆ ಎನ್ನುವುದರ ಮೇಲೆ. ಸರಾಸರಿ 7 ಇದ್ದರೆ ನಿನ್ನ 6 ಅಪಾಯದ್ದಲ್ಲ. ಸರಾಸರಿ 14 ಇದ್ದರೆ ಅದೇ ವಾರ ಸಹಾಯ ಕೇಳಬೇಕು, ಮಿಡ್‌ಸೆಮ್ (ಸೆಮಿಸ್ಟರ್ ನಡುವಿನ ಪರೀಕ್ಷೆ) ತನಕ ಕಾಯಬಾರದು.

ಓದಿನ ಬಗೆಯೇ ಬೇರೆ. ಜೆಇಇಯಲ್ಲಿ ಲಿಮಿಟ್ ಕೊಟ್ಟರೆ ಬೆಲೆ ಕಂಡುಹಿಡಿದು ಆಯ್ಕೆ ಗುರುತಿಸುತ್ತಿದ್ದೆ. ಇಲ್ಲಿ ಗಣಿತದ ಮೊದಲ ಕೋರ್ಸಿನಲ್ಲೇ ಅದೇ ಲಿಮಿಟ್‌ಗೆ ಎಪ್ಸಿಲಾನ್-ಡೆಲ್ಟಾ ಸಾಧನೆ ಕೇಳುತ್ತಾರೆ. ಎಕ್ಸ್ ವರ್ಗ ಎಂಬ ಫಂಕ್ಷನ್ ಎಕ್ಸ್ 2ರ ಕಡೆಗೆ ಹೋದಾಗ 4ಕ್ಕೆ ಹೋಗುತ್ತದೆ ಎಂಬುದು ಹತ್ತನೇ ತರಗತಿಯ ಮಗುವಿಗೂ ಕಾಣುತ್ತದೆ. ಆದರೆ ಎಪ್ಸಿಲಾನ್ (ಬೆಲೆ 4ರಿಂದ ಎಷ್ಟು ದೂರದೊಳಗಿರಬೇಕು ಎಂಬ ಮಿತಿ) ಎಷ್ಟೇ ಸಣ್ಣದಾಗಿ ಕೊಡಲಿ, ಅದಕ್ಕೆ ತಕ್ಕ ಡೆಲ್ಟಾ (ಎಕ್ಸ್ 2ರಿಂದ ಎಷ್ಟು ದೂರದೊಳಗಿರಬೇಕು ಎಂಬ ಮಿತಿ) ಒಂದನ್ನು ಆರಿಸಿ ತೋರಿಸು ಅಂದಾಗ ಕೈ ನಿಲ್ಲುತ್ತದೆ. ಬಿಡಿಸುವ ಕ್ರಮ ಹೀಗೆ: ಎಕ್ಸ್ ವರ್ಗ ಮತ್ತು 4ರ ವ್ಯತ್ಯಾಸವನ್ನು ಎಕ್ಸ್ ಕಳೆ 2, ಎಕ್ಸ್ ಕೂಡಿಸು 2 ಎಂಬ ಎರಡು ಅಪವರ್ತನಗಳಾಗಿ ಒಡೆ. ಎಕ್ಸ್ 2ರಿಂದ 1ಕ್ಕಿಂತ ಕಡಿಮೆ ದೂರದಲ್ಲಿದೆ ಎಂದು ಮೊದಲೇ ಕಟ್ಟಿಹಾಕಿದರೆ ಎರಡನೇ ಅಪವರ್ತನ 5ನ್ನು ದಾಟುವುದಿಲ್ಲ. ಈಗ 1 ಮತ್ತು ಎಪ್ಸಿಲಾನಿನ ಐದನೇ ಒಂದು ಭಾಗ, ಇವೆರಡರಲ್ಲಿ ಸಣ್ಣದನ್ನು ಡೆಲ್ಟಾ ಎಂದು ಹಿಡಿ. ಮೂರೇ ಸಾಲು. ಆದರೆ ಆ ಮೂರು ಸಾಲನ್ನು ನೀನೇ ಬರೆಯಲು ಕಲಿಯುವುದಕ್ಕೆ ಎರಡು ಮೂರು ವಾರ ಬೇಕು. ಲೆಕ್ಚರಿನಲ್ಲಿ ನೋಡಿ ‘ಅರ್ಥವಾಯಿತು’ ಅನಿಸುವುದು ಸಾಲದು, ಅಭ್ಯಾಸದ ಲೆಕ್ಕಗಳಿರುವ ಟ್ಯುಟೋರಿಯಲ್ ಶೀಟನ್ನು ಉತ್ತರ ನೋಡದೆ ಬಿಡಿಸಬೇಕು.

ಪ್ರೋಗ್ರಾಮಿಂಗ್‌ನಲ್ಲೂ ಇದೇ ಕತೆ. ಶಾಲೆಯಿಂದಲೇ ಕೋಡ್ ಬರೆಯುತ್ತಾ ಬಂದವರ ಪಕ್ಕದಲ್ಲಿ ಮೊದಲ ಸಲ ಕೀಬೋರ್ಡ್ ಮುಟ್ಟುವವರು ಕೂತಿರುತ್ತಾರೆ. ನೀನು ಎರಡನೆಯವನಾದರೆ ಸೀಟು ಖಚಿತವಾದ ದಿನದಿಂದ ತರಗತಿ ಶುರುವಾಗುವ ತನಕ ಇರುವ ವಾರಗಳಲ್ಲಿ ಸಿ ಅಥವಾ ಪೈಥಾನ್ ಕಲಿತುಬಿಡು. ಲೂಪ್, ಅರೇ, ಫಂಕ್ಷನ್ ಇಷ್ಟು ಬಂದರೆ ಸಾಕು. ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಪುಕ್ಕಟೆಯಾಗಿ ನೋಡಬಹುದು.

ಟೈಮ್‌ಟೇಬಲ್‌ನಲ್ಲಿ ಕೋರ್ಸಿನ ಹೆಸರಿನ ಮುಂದೆ 3-1-0 ಅಂತಿರುತ್ತದೆ. ವಾರಕ್ಕೆ ಮೂರು ಗಂಟೆ ಲೆಕ್ಚರ್, ಒಂದು ಗಂಟೆ ಟ್ಯುಟೋರಿಯಲ್, ಲ್ಯಾಬ್ ಇಲ್ಲ ಎಂದರ್ಥ. ಟ್ಯುಟೋರಿಯಲ್ ತಪ್ಪಿಸಬೇಡ. ನೂರಾರು ಮಂದಿಯ ಲೆಕ್ಚರ್ ಹಾಲಿನಲ್ಲಿ ಕೈ ಎತ್ತಲು ಹಿಂಜರಿಕೆಯಾಗುವುದು ಸಹಜ. ಟ್ಯುಟೋರಿಯಲ್‌ನಲ್ಲಿ ಕೆಲವೇ ಮಂದಿ, ಹೇಳಿಕೊಡುವ ಟಿಎ (ಟೀಚಿಂಗ್ ಅಸಿಸ್ಟೆಂಟ್) ನಿನಗಿಂತ ಕೆಲವೇ ವರ್ಷ ದೊಡ್ಡವರು. ‘ನನಗೆ ಏನೂ ಅರ್ಥವಾಗಿಲ್ಲ’ ಅಂದರೆ ಅವರಿಗೂ ಎಲ್ಲಿಂದ ಹಿಡಿಯಬೇಕೋ ತೋಚುವುದಿಲ್ಲ. ‘ಮೂರನೇ ಲೆಕ್ಕದಲ್ಲಿ ಈ ಸಾಲಿನವರೆಗೆ ಬಂದೆ, ಇಲ್ಲಿಂದ ಮುಂದೆ ಹೇಗೆ?’ ಎಂದು ಪುಟ ತೋರಿಸಿ ಕೇಳು. ಇಂಗ್ಲಿಷ್ ತಡವರಿಸಿದರೆ ತಡವರಿಸಲಿ. ಪುಟದ ಮೇಲಿನ ಲೆಕ್ಕ ಎಲ್ಲರಿಗೂ ಒಂದೇ.

ಇಂಗ್ಲಿಷಿಗೆ ಹೆಚ್ಚಿನ ತರಗತಿ ಕೊಡುವ ಸಂಸ್ಥೆಗಳಿವೆ. ಕೊಟ್ಟರೆ ಸೇರಿಕೋ. ಕೆಲವು ಕಡೆ ಹೊಸಬರಿಗೆ ಓದಿಗೆ ಮೊದಲೇ ಹೊಂದಿಕೊಳ್ಳುವ ಕಾರ್ಯಕ್ರಮವಿರುತ್ತದೆ. ಐಐಟಿ ಗಾಂಧಿನಗರದ ಫೌಂಡೇಶನ್ ಪ್ರೋಗ್ರಾಂ ಅಂಥದ್ದು. ಹಾಸ್ಟೆಲಿನಲ್ಲಿ ಕನ್ನಡದವರು ಸಿಕ್ಕೇ ಸಿಗುತ್ತಾರೆ. ಮನೆ ನೆನಪಾದಾಗ ಅವರು ಬೇಕು. ಆದರೆ ಓದುವ ಗುಂಪಿನಲ್ಲಿ ಬೇರೆ ಭಾಷೆಯವರೂ ಇರಲಿ, ಇಂಗ್ಲಿಷ್ ಬಾಯಿಗೆ ಹತ್ತುವುದು ಹಾಗೇ.

ಸೀನಿಯರ್ ಒಬ್ಬರನ್ನು ನಿನಗೆ ಮೆಂಟರ್ ಎಂದು ಕೊಟ್ಟಿರುತ್ತಾರೆ, ಅಧ್ಯಾಪಕರೊಬ್ಬರು ಫ್ಯಾಕಲ್ಟಿ ಅಡ್ವೈಸರ್ ಆಗಿರುತ್ತಾರೆ. ಇಬ್ಬರನ್ನೂ ಮೊದಲ ಎರಡು ವಾರದಲ್ಲೇ, ಯಾವ ತೊಂದರೆಯೂ ಇಲ್ಲದಾಗಲೇ, ಭೇಟಿ ಮಾಡಿ ಪರಿಚಯ ಹೇಳಿಕೋ. ತೊಂದರೆ ಬಂದ ದಿನ ಹೊಸಬರ ಬಾಗಿಲು ತಟ್ಟುವುದು ಬಹಳ ಕಷ್ಟ.

ರ‍್ಯಾಗಿಂಗ್ ಕಾನೂನುಬಾಹಿರ. ಯಾರಾದರೂ ತಮಾಷೆಯ ಹೆಸರಿನಲ್ಲಿ ಮೈಮುಟ್ಟಿದರೆ, ಅವಮಾನ ಮಾಡಿದರೆ, ಜಾತಿ ಅಥವಾ ರ‍್ಯಾಂಕ್ ಕೇಳಿ ಹಂಗಿಸಿದರೆ ಸಹಿಸಿಕೊಳ್ಳಬೇಕಿಲ್ಲ. ವಾರ್ಡನ್‌ಗೆ ಹೇಳು, ಇಲ್ಲವೇ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಕರೆ ಮಾಡು. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳ ದೂರು ಕೇಳಲೆಂದೇ ಇರುವ ಘಟಕ ಕ್ಯಾಂಪಸ್ಸಿನಲ್ಲಿ ಎಲ್ಲಿದೆ ಎಂದು ಮೊದಲೇ ತಿಳಿದುಕೋ.

ನಿದ್ದೆ ಬಾರದೆ, ಊಟ ಸೇರದೆ, ತರಗತಿಗೆ ಹೋಗಲು ಕಾಲೇ ಬಾರದ ದಿನಗಳು ಒಂದೆರಡು ವಾರ ಮುಂದುವರಿದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡ. ಕ್ಯಾಂಪಸ್ಸಿನ ಕೌನ್ಸೆಲರನ್ನು ಕಾಣು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ದಾರಿ ಹುಡುಕಲು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಕಾರ್ಯಪಡೆಯೊಂದನ್ನು ನೇಮಿಸಬೇಕಾಯಿತು. ಅಷ್ಟು ಗಂಭೀರ ವಿಷಯ ಇದು. ತಂದೆತಾಯಿಗಳೇ, ಫೋನ್ ಮಾಡಿದಾಗ ‘ಎಷ್ಟು ಬಂತು’ ಎನ್ನುವುದನ್ನು ಕೊನೆಗೆ ಕೇಳಿ. ‘ಈ ವಾರ ಯಾರ ಜತೆ ಊಟ ಮಾಡಿದೆ’ ಎಂದು ಮೊದಲು ಕೇಳಿ. ಆ ಪ್ರಶ್ನೆಗೆ ವಾರಗಟ್ಟಲೆ ಉತ್ತರ ಸಿಗದಿದ್ದರೆ ರೈಲು ಹತ್ತಿ ಹೋಗಿ ಬನ್ನಿ.

ಹಂತ 8: ಒಂದು ವಿಷಯ ಉಳಿದುಹೋದರೆ

ಮೊದಲ ವರ್ಷ ಒಂದೆರಡು ಕೋರ್ಸಿನಲ್ಲಿ ಫೇಲಾಗುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ, ಅದರಿಂದ ಡಿಗ್ರಿ ಮುರಿದುಬೀಳುವುದಿಲ್ಲ. ಆದರೆ ಲೆಕ್ಕ ಹಾಕಿ ನಡೆಯಬೇಕು. ಆ ಕೋರ್ಸ್ ಮತ್ತೆ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ, ಬೇಸಿಗೆ ರಜೆಯಲ್ಲಿ ಸಮ್ಮರ್ ಕೋರ್ಸ್ ಇದೆಯೇ, ಮರುಪರೀಕ್ಷೆ ಇದೆಯೇ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಅದು ಮುಗಿಯದೆ ಮುಂದಿನ ಯಾವ ಕೋರ್ಸಿಗೆ ಸೇರಿಸಿಕೊಳ್ಳುವುದಿಲ್ಲ ಎಂಬುದನ್ನೂ ನಿಯಮಾವಳಿಯಲ್ಲಿ ನೋಡು. ಇಷ್ಟನ್ನು ಒಂದು ಹಾಳೆಯಲ್ಲಿ ಸೆಮಿಸ್ಟರ್‌ವಾರು ಬರೆದುಕೊಂಡು, ಮುಂದಿನ ಸೆಮಿಸ್ಟರಿನ ನೋಂದಣಿ ಶುರುವಾಗುವುದಕ್ಕೆ ಒಂದು ವಾರ ಮೊದಲು ಫ್ಯಾಕಲ್ಟಿ ಅಡ್ವೈಸರ್ ಹತ್ತಿರ ಹೋಗು. ಉಳಿದುಹೋದದ್ದನ್ನು ತೀರಿಸುವ ಸೆಮಿಸ್ಟರಿನಲ್ಲಿ ಹೆಚ್ಚುವರಿ ಕೋರ್ಸ್ ತೆಗೆದುಕೊಳ್ಳಬೇಡ, ಕ್ಲಬ್ಬಿನ ಜವಾಬ್ದಾರಿ ಹೊರಬೇಡ. ಹಳೆಯ ಕೋರ್ಸಿನ ಟ್ಯುಟೋರಿಯಲ್ ಶೀಟುಗಳನ್ನು ರಜೆಯಲ್ಲೇ ಮೊದಲಿನಿಂದ ಬಿಡಿಸಲು ಶುರು ಮಾಡು. ಅದೇ ಪಾಠ ಎರಡನೇ ಸಲ ಕೇಳುವಾಗ ಎಲ್ಲಿ ಸಿಕ್ಕಿಕೊಂಡಿದ್ದೆ ಎಂಬುದು ನಿನಗೆ ಮೊದಲೇ ಗೊತ್ತಿರುತ್ತದೆ, ಟಿಎ ಹತ್ತಿರ ಮೊದಲ ವಾರವೇ ಆ ಪುಟ ತೆರೆದು ಕೂರಬಹುದು.